ನೀಲಾಂಬಿಕಾ ತಿರುಗಿಸಿದ ಚಿತ್ರ

ನೀಲಾಂಬಿಕಾಳ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆಳತಿಯನ್ನು ಹೊಗಳೋಕೆ ಕೂತಳು ಅಂತ ಆಮೇಲೆ ಯಾರೂ ಅನ್ನಬಾರದು.

ನನ್ನ ಹೆಸರು ಚಿಕ್ಕಗಂಗಮ್ಮ. ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವಳು. ಮೈಸೂರು ರಸ್ತೆಯಲ್ಲಿ ಕೆಂಗೇರಿ ಆಚೆಗಿರುವ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ನನ್ನ ಪಕ್ಕದ ವಿಭಾಗವೇ ಪೆಥಾಲಜಿ. ರೋಗ ಬಂದಾಗ ದೇಹದೊಳಗೆ ಏನೇನು ಕೆಡುತ್ತದೆ ಎಂದು ಕಲಿಸುವ ವಿಷಯ ಅದು. ಆಪರೇಷನ್ ಮಾಡಿ ತೆಗೆದ ಗಡ್ಡೆಯನ್ನೋ ಕರುಳಿನ ತುಂಡನ್ನೋ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಆ ಗಾಜಿಗೆ ಸ್ಲೈಡ್ ಅನ್ನುತ್ತಾರೆ. ಅದನ್ನು ನೋಡಿ ಇಂಥ ರೋಗ ಎಂದು ಎರಡನೇ ವರ್ಷದ ಮಕ್ಕಳು ಹೇಳಬೇಕು. ಅದನ್ನು ಹೇಳಿಕೊಡುತ್ತಿದ್ದ ಟ್ಯೂಟರ್ ನೀಲಾಂಬಿಕಾ.

ಬ್ಯಾಡಗಿ ಕಡೆಯವಳು. ದಾವಣಗೆರೆಯಲ್ಲಿ ಎಂ.ಬಿ.ಬಿ.ಎಸ್. ಓದಿದಳು. ಎಂ.ಡಿ.ಗೂ ಸೇರಿದ್ದಳು, ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಹಾಸಿಗೆ ಹಿಡಿದು ಅರ್ಧಕ್ಕೆ ಬಿಟ್ಟಳು. ಗಂಡ ಸಿದ್ದಲಿಂಗೇಶ್ ಬ್ಯಾಂಕಿನ ನೌಕರ, ಒಳ್ಳೆಯ ಮನುಷ್ಯ, ನಾಲ್ಕು ಮಾತಿನ ಜಾಗದಲ್ಲಿ ಒಂದು ಮಾತಾಡುವವನು. ಮನೆ ಬಸವೇಶ್ವರನಗರದಲ್ಲಿ. ಎಂ.ಡಿ. ಇಲ್ಲದವರು ನಮ್ಮಲ್ಲಿ ಎಷ್ಟು ವರ್ಷ ಸವೆದರೂ ಟ್ಯೂಟರೇ. ಹನ್ನೊಂದು ವರ್ಷದಿಂದ ಅವಳದು ವರ್ಷ ವರ್ಷದ ಗುತ್ತಿಗೆ. ಮಾರ್ಚ್ ಬಂತೆಂದರೆ ಆಫೀಸಿನ ಮುಂದೆ ನಿಂತು, ಮುಂದುವರಿಸಿ ಎಂದು ಕೇಳಿಕೊಳ್ಳಬೇಕು. ಅವಳ ಕೈಯಲ್ಲೇ ಕಲಿತ ಹುಡುಗರು ಎಂ.ಡಿ. ಮುಗಿಸಿ ಬಂದು, ದೊಡ್ಡ ಕುರ್ಚಿಯಲ್ಲಿ ಕೂತು, "ಏನ್ರೀ ನೀಲಾಂಬಿಕಾ, ಆ ಸ್ಲೈಡ್ಸ್ ರೆಡಿನಾ?" ಅನ್ನುತ್ತಿದ್ದರು. ಅವಳು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಪಾಠಕ್ಕೆ ಕೂತರೆ ಅವಳೇ ಅವಳು. ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡ್ ನೋಡುವ ಮೈಕ್ರೋಸ್ಕೋಪ್ ಒಂದಿತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, "ರೋಗದ ಹೆಸರು ಆಮೇಲೆ ಹೇಳೋವಂತೆ. ಈಗ ಏನ್ ಕಾಣ್ತದೆ ಅದನ್ನ ಹೇಳು" ಅನ್ನುತ್ತಿದ್ದಳು. ನೂರಾರು ಮಕ್ಕಳಿಗೆ ಹೀಗೆ ಒಬ್ಬೊಬ್ಬರಂತೆ ಕೂತರೆ ಯಾವಾಗ ಮುಗಿಯಬೇಕು? ಮುಗಿಯುತ್ತಲೇ ಇರಲಿಲ್ಲ.

ಕೊರೋನಾ ಬಂದು ಕಾಲೇಜಿಗೆ ಬೀಗ ಬಿತ್ತು. ಮಕ್ಕಳೆಲ್ಲ ಊರುಗಳಲ್ಲಿ, ಸ್ಲೈಡೆಲ್ಲ ಕಪಾಟಿನಲ್ಲಿ. ಈ ಪುಣ್ಯಾತ್ಗಿತ್ತಿ ಪಾಸ್ ಮಾಡಿಸಿಕೊಂಡು ಖಾಲಿ ಕಾಲೇಜಿಗೆ ಬಂದು, ಮೈಕ್ರೋಸ್ಕೋಪಿನ ಮೇಲೆ ತನ್ನ ಫೋನನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಒಂದೊಂದೇ ಫೋಟೋ ತೆಗೆದು ಕಳಿಸಿದಳು. ಮುಂದೆ ಕಾಲೇಜು ನಡೆಸುವ ಟ್ರಸ್ಟಿನವರು ಸ್ಕ್ಯಾನರ್ ಕೊಂಡುಕೊಟ್ಟರು. ಇಡೀ ಸ್ಲೈಡು ಕಂಪ್ಯೂಟರಿನೊಳಗೆ ಹೋಗುತ್ತಿತ್ತು. ತೆರೆದರೆ ಮೊದಲು ಪೂರ್ತಿ ತುಂಡು ಪರದೆ ಮೇಲೆ ಬರುತ್ತಿತ್ತು. ಹಿಗ್ಗಿಸುತ್ತ ಹೋದರೆ ಒಂದೊಂದು ಜೀವಕೋಶವೂ ಕಾಣುತ್ತಿತ್ತು. ಪರೀಕ್ಷೆಗೆ ಬರುವ ಸ್ಲೈಡುಗಳನ್ನೆಲ್ಲ ಹೀಗೆ ಮಾಡಿ ಮಕ್ಕಳ ಫೋನಿಗೆ ಬರುವಂತೆ ಮಾಡಿದಳು. ಮುಂದಿನ ಟೆಸ್ಟುಗಳಲ್ಲಿ ಮಾರ್ಕ್ಸೋ ಮಾರ್ಕ್ಸು. ಚಿತ್ರ ಬಿದ್ದ ಮೂರೇ ಸೆಕೆಂಡಿಗೆ ಉತ್ತರ. ವಿಭಾಗದ ಮುಖ್ಯಸ್ಥರು ಡಾಕ್ಟರ್ ನಾರಾಯಣಪ್ಪ, ನಿವೃತ್ತಿಗೆ ಹತ್ತಿರ ಬಂದವರು, "ನನ್ನ ಸರ್ವೀಸಲ್ಲೇ ಇಂಥ ಬ್ಯಾಚ್ ನೋಡಿಲ್ಲ" ಎಂದರು.

ಸುದ್ದಿ ಟ್ರಸ್ಟಿನ ಕಾರ್ಯದರ್ಶಿ ಚನ್ನವೀರಪ್ಪನವರಿಗೂ ಹೋಯಿತು. ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿಯಿಂದ ಮೇಲೆ ಬಂದವರು. ಕೆಟ್ಟವರಲ್ಲ, ಆದರೆ ಖಾಲಿ ಕೂತ ಜಾಗ ಕಂಡರೆ ಅವರ ಕೈ ತುರಿಸುತ್ತದೆ. ಬೇರೆ ಎರಡು ಕಾಲೇಜಿನವರನ್ನು ಕರೆಸಿ ಗುರುವಾರ ಒಂದು ಪ್ರದರ್ಶನ ಇಡೋಣ ಎಂದರು. ಅದು ಚೆನ್ನಾಗಿ ಆದರೆ ಮೈಕ್ರೋಸ್ಕೋಪ್ ರೂಮು ಖಾಲಿ ಮಾಡಿಸುವುದು, ಪ್ರಾಕ್ಟಿಕಲ್ ಅವಧಿ ಕಡಿಮೆ ಮಾಡುವುದು, ಮಕ್ಕಳು ಮನೆಯಲ್ಲೇ ಫೋನಿನಲ್ಲಿ ನೋಡಿಕೊಳ್ಳುವುದು. ಹೊಸ ಡಿಜಿಟಲ್ ಲ್ಯಾಬಿಗೆ ನೀಲಾಂಬಿಕಾಳೇ ಮುಖ್ಯಸ್ಥೆ. ಪರ್ಮನೆಂಟ್.

ಆ ಮಾತು ಕೇಳಿಕೊಂಡು ಬಂದ ದಿನ ಅವಳು ನನ್ನ ಟೇಬಲ್ ಮುಂದೆ ಕೂತು, ಕುಡಿಯೋಕೆ ನೀರು ಕೇಳಿದಳು, ಕೊಟ್ಟರೆ ಕುಡಿಯಲೇ ಇಲ್ಲ. "ಗಂಗಾ, ಇನ್ನ ಮಾರ್ಚಿಗೆ ಯಾರ ಮುಂದೂ ನಿಲ್ಲೂದು ಬ್ಯಾಡಲ್ಲ?" ಎಂದಳು. ನನಗೆ ಕಣ್ಣು ತುಂಬಿತು. ತೋರಿಸಿಕೊಳ್ಳಬಾರದೆಂದು, "ಫಸ್ಟು ಊಟ ಹಾಕ್ಸು, ಆಮೇಲೆ ಡೈಲಾಗು" ಎಂದೆ.

ಆ ವಾರದ ಮಂಗಳವಾರ ಎಲ್ಲ ಕೆಟ್ಟಿತು.

ಒಂದು ಚಿತ್ರ ಮಸುಕಾಗಿದೆಯೆಂದು ಅವಳು ಅದೇ ಸ್ಲೈಡನ್ನು ಮತ್ತೆ ಸ್ಕ್ಯಾನ್ ಮಾಡಿದ್ದಳು. ನ್ಯುಮೋನಿಯಾ ಬಂದ ಶ್ವಾಸಕೋಶ, ಎಲ್ಲರೂ ಸಲೀಸಾಗಿ ಗುರುತಿಸುವಂಥದ್ದು. ಪ್ರದರ್ಶನಕ್ಕೆ ಮುಂಚೆ ಒಂದು ಕೈ ನೋಡೋಣವೆಂದು ಟೆಸ್ಟ್ ಕೊಟ್ಟಳು. ಇಡೀ ಕ್ಲಾಸಿನಲ್ಲಿ ಒಬ್ಬರೂ ಸರಿ ಬರೆದಿರಲಿಲ್ಲ. ಅವಳು ಮುತ್ತುರಾಜನನ್ನು ಕರೆಸಿದಳು. ನಾಯಂಡಹಳ್ಳಿಯಲ್ಲಿ ಅಪ್ಪನದು ಗಾಡಿ ರಿಪೇರಿ ಗ್ಯಾರೇಜು, ಮಗ ಕ್ಲಾಸಿಗೇ ಮೊದಲು. ನಾನೂ ಅಲ್ಲೇ ಇದ್ದೆ.

"ಹೋದ ವಾರ ಸರಿ ಹೇಳಿದ್ಯಲ್ಲೋ. ಇದು ಅದೇ ಸ್ಲೈಡು. ಏನಾಯ್ತು?"

ಅವನು ಪರದೆ ನೋಡಿದ, ಕತ್ತು ಓರೆ ಮಾಡಿ ನೋಡಿದ. ಮುಖ ಅರಳಿತು. "ಓ, ಆನೆ! ಮೇಡಂ, ಆನೆ ಉಲ್ಟಾ ಆಗ್ಬಿಟ್ಟಿದೆ. ಅದಕ್ಕೇ ಹೊಸ ಕೇಸ್ ಅಂದ್ಕೊಂಡ್ವಿ."

"ಯಾವ ಆನೆ?"

ಪಾಪ, ಅವನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆ ತುಂಡಿನ ಅಂಚು ಆನೆಯ ತಲೆಯ ಹಾಗೆ, ಸೊಂಡಿಲಿನ ಹಾಗೆ ಇದೆ. ಆನೆ ಕಂಡರೆ ನ್ಯುಮೋನಿಯಾ ಎಂದು ಬರೆಯುವುದು. ಕೋಡುಬಳೆ ಕಂಡರೆ ಅಪೆಂಡಿಸೈಟಿಸ್. ಹರಿದ ದೋಸೆ ಕಂಡರೆ ಫ್ಯಾಟಿ ಲಿವರ್. ಸೀನಿಯರ್‌ಗಳು ಹೇಳಿಕೊಟ್ಟಿದ್ದು, ಜೂನಿಯರ್‌ಗಳಿಗೂ ಹೋಗಿದೆ. ನನಗೆ ನಗು ತಡೆಯಲಾಗಲಿಲ್ಲ. ನಾವೂ ಓದುವಾಗ ಗಾಜಿನ ಸ್ಲೈಡನ್ನು ಟ್ಯೂಬ್‌ಲೈಟಿಗೆ ಹಿಡಿದು, ಆಕಾರ ನೋಡಿ ಕದ್ದು ಹೆಸರು ಹೇಳಿದವರೇ. ಆದರೆ ಗಾಜು ಒಡೆಯುತ್ತಿತ್ತು, ಹೊಸ ತುಂಡು ಕೊಯ್ಯುತ್ತಿದ್ದರು, ಆಕಾರ ಬದಲಾಗುತ್ತಿತ್ತು. ಆ ಕಳ್ಳದಾರಿಯಲ್ಲಿ ಬಹಳ ದೂರ ಹೋಗಲು ಆಗುತ್ತಿರಲಿಲ್ಲ. ನೀಲಾಂಬಿಕಾಳ ಕಂಪ್ಯೂಟರಿನಲ್ಲಿ ಆನೆ ಯಾವತ್ತೂ ಆನೆಯೇ, ಎಲ್ಲರ ಫೋನಿನಲ್ಲೂ ಆನೆಯೇ.

"ಬ್ರೆಸ್ಟ್ ಕ್ಯಾನ್ಸರ್‌ಗೆ ಏನಂತೀರಿ?" ಎಂದು ಅವಳು ಕೇಳಿದಳು.

"ಚಪ್ಪಲಿ ಮೇಡಂ. ಎಡಗಾಲಿಂದು."

ನನ್ನ ನಗು ಅಲ್ಲಿಗೇ ನಿಂತಿತು. ನೀಲಾಂಬಿಕಾ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. "ಅದು ಒಬ್ಬ ಹೆಂಗಸಿನ ಎದೆ ಕಣೋ" ಎಂದಳು. ಬೈಯಲಿಲ್ಲ, ಮೆಲ್ಲಗೆ ಹೇಳಿದಳು. ಹುಡುಗನ ಮುಖ ಕೆಂಪಾಯಿತು. "ಸಾರಿ ಮೇಡಂ" ಎಂದು ನಿಂತೇ ಇದ್ದ. ಅವಳು ಹೋಗು ಎಂದ ಮೇಲೆ ಹೋದ.

ಬುಧವಾರ ಸಂಜೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದೆವು. ದಿನವೂ ವಿಜಯನಗರದವರೆಗೆ ಜೊತೆಯಲ್ಲೇ ಹೋಗುವವರು. ಜನ ತುಂಬಿತ್ತು, ಕಂಬಿ ಹಿಡಿದು ನಿಂತಿದ್ದೆವು.

"ಗಂಗಾ, ನಾಳೆ ನಾ ಹೇಳಾಕಿ."

"ಏನ್ ಹೇಳೋದು?"

"ಹುಡುಗ್ರಿಗೆ ಏನೂ ಬರಂಗಿಲ್ಲ ಅಂತ."

ನನಗೆ ಎಲ್ಲಿತ್ತೋ ಸಿಟ್ಟು. "ತಲೆ ಕೆಟ್ಟಿದ್ಯೇನೇ ನಿಂಗೆ? ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಾರಾ ಯಾರಾದ್ರೂ? ಗುರುವಾರ ಒಂದು ಕಳೀಲಿ, ಆರ್ಡರ್ ಕೈಗೆ ಬರ್ಲಿ. ಆಮೇಲೆ ಎಲ್ಲಾ ಚಿತ್ರಾನೂ ತಿರುಗ್ಸು, ಬಗ್ಗಿಸು, ಏನ್ ಬೇಕಾದ್ರೂ ಮಾಡ್ಕೊ. ಯಾರ್ ಬೇಡ ಅಂತಾರೆ?"

"ಗುರುವಾರ ಕಳದ್ರ ಸೋಮವಾರ ಆ ರೂಮ್ ಖಾಲಿ ಮಾಡಸ್ತಾರ. ಅವಧಿನೂ ಹೋಗ್ತೈತಿ. ಆಮೇಲೆ ಕೂಡ್ಸಿ ಕಲಸಾಕ ಜಾಗ ಎಲ್ಲೈತಿ, ಹೊತ್ತು ಎಲ್ಲೈತಿ?"

"ಹಾಗಾದ್ರೆ ನಾರಾಯಣಪ್ಪ ಸರ್‌ಗೆ ಹೇಳು."

"ಹೇಳ್ದೆ. ನಾವೂ ಹಂಗೇ ಓದಿದ್ದಮ್ಮ, ಡಾಕ್ಟ್ರಾಗ್ಲಿಲ್ವಾ ಅಂದ್ರು."

"ಮತ್ತೆ? ಆಗ್ಲಿಲ್ವಾ?"

ಅವಳು ನನ್ನ ಮುಖ ನೋಡಿದಳು. "ಈ ಬ್ಯಾಚಿನಾಗ ನೂರಕ್ಕ ಹತ್ತು ಮಂದಿ ಪೆಥಾಲಜಿ ಮಾಡ್ತಾರ ಅಂತಿಟ್ಕೊ. ಅವರು ಸಹಿ ಹಾಕಿದ ರಿಪೋರ್ಟ್ ನಿನ್ನ ಮಗಳ ಕೈಗೆ ಬಂತಂದ್ರ?"

"ನನ್ನ ಮಗಳ ಸುದ್ದಿ ಎತ್ತಬೇಡ" ಎಂದೆ. ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಎಂದೆ. ವಿಜಯನಗರ ಬಂತು. ಇಬ್ಬರೂ ಇಳಿದು ನಮ್ಮ ನಮ್ಮ ದಾರಿ ಹಿಡಿದೆವು.

ಗುರುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಚನ್ನವೀರಪ್ಪನವರು, ನಾರಾಯಣಪ್ಪ ಸರ್, ಹೊರಗಿನ ಕಾಲೇಜಿನ ಪ್ರೊಫೆಸರುಗಳು. ವೇದಿಕೆ ಮೇಲೆ ಆರಿಸಿದ ಐದು ಮಕ್ಕಳು. ಒಂದು ಪಕ್ಕಕ್ಕೆ ಲ್ಯಾಪ್‌ಟಾಪ್ ಮುಂದೆ ನೀಲಾಂಬಿಕಾ, ಹಸಿರು ಇಳಕಲ್ ಸೀರೆಯಲ್ಲಿ. ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು, ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದೆ. ಬೆಳಿಗ್ಗೆಯಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಅವಳು ಏನು ಮಾಡುತ್ತಾಳೋ ಎಂದು ಅವಳ ಕಡೆಯೇ ನೋಡುತ್ತಿದ್ದೆ.

ಮೊದಲನೇ ಚಿತ್ರ ಬಿತ್ತು. ಎಡಗಾಲಿನ ಚಪ್ಪಲಿ, ಇದ್ದ ಹಾಗೇ. ಮುತ್ತುರಾಜ ಉಸಿರು ತೆಗೆದುಕೊಳ್ಳದೆ, "ಕಾರ್ಸಿನೋಮಾ ಬ್ರೆಸ್ಟ್" ಎಂದು ಅದರ ಲಕ್ಷಣಗಳನ್ನೂ ಗಿಳಿಪಾಠದ ಹಾಗೆ ಒಪ್ಪಿಸಿದ. ಚಪ್ಪಾಳೆ. ಎರಡನೆಯದು, ಮೂರನೆಯದು. ಒಂದೊಂದಕ್ಕೂ ಚಪ್ಪಾಳೆ. ಹೊರಗಿನಿಂದ ಬಂದ ಪ್ರೊಫೆಸರೊಬ್ಬರು ಪಕ್ಕದವರಿಗೆ, "ನಮ್ಮ ಪಿ.ಜಿ.ಗಳೂ ಇಷ್ಟು ಸ್ಪೀಡಾಗಿ ಹೇಳಲ್ಲ" ಎನ್ನುವುದು ನನಗೆ ಕೇಳಿಸಿತು. ನಾನು ನೀಲಾಂಬಿಕಾಳ ಕಡೆ ನೋಡಿ, ಸಾಕು, ಮುಗಿಸು ಎಂದು ಕೈಸನ್ನೆ ಮಾಡಿದೆ. ಅವಳು ನೋಡಿದಳು. ಕಣ್ಣು ಬೇರೆ ಕಡೆ ತಿರುಗಿಸಿದಳು.

ಚನ್ನವೀರಪ್ಪನವರು ತಡೆಯಲಾರದೆ ಎದ್ದು ಮೈಕ್ ತೆಗೆದುಕೊಂಡರು. "ನೋಡಿ, ಕಣ್ಣಾರೆ ನೋಡಿದ್ರಲ್ಲ. ಇನ್ನು ಆ ಹಳೇ ರೂಮು, ಆ ಹಳೇ ಮೈಕ್ರೋಸ್ಕೋಪು ಯಾಕ್ರೀ ಬೇಕು? ನಮ್ಮ ನೀಲಾಂಬಿಕಾ ಮೇಡಂ ಇವತ್ತಿಂದ ಡಿಜಿಟಲ್ ಲ್ಯಾಬ್ ಹೆಡ್ಡು. ಸಂಜೆ ಆರ್ಡರ್ ಕೊಡ್ತೀನಿ." ಮತ್ತೆ ಚಪ್ಪಾಳೆ. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಕೈಗೆ ಬಂತಲ್ಲಪ್ಪ, ಇನ್ನು ಬಾಯಿಗೆ ಹೋಗುವುದು ಒಂದೇ ಬಾಕಿ ಎಂದುಕೊಂಡೆ. ಅವಳು ಒಂದು ನಮಸ್ಕಾರ ಮಾಡಿ ಮನೆಗೆ ಹೋಗಿದ್ದರೆ ಸಾಕಿತ್ತು.

"ಸರ್, ಒಂದು ಚಿತ್ರ ಬಾಕಿ ಇದೆ" ಎಂದಳು ನೀಲಾಂಬಿಕಾ.

ಅವಳ ಬೆರಳು ಲ್ಯಾಪ್‌ಟಾಪಿನ ಮೇಲೆ ನಿಂತಿತ್ತು. ಒತ್ತಲಿಲ್ಲ. ಬೇಡ ಕಣೇ, ಬೇಡ ಕಣೇ ಎಂದು ಒಳಗೇ ಹೇಳಿಕೊಂಡೆ. ಅವಳು ಒತ್ತಿದಳು.

ಪರದೆ ತುಂಬ ಗುಲಾಬಿ, ನೇರಳೆ. ಅಂಚಿಲ್ಲ, ಆಕಾರವಿಲ್ಲ. ಯಾವುದೋ ತುಂಡನ್ನು ತಲೆಕೆಳಗು ಮಾಡಿ, ನಡುವಿನಿಂದ ಹಿಗ್ಗಿಸಿ ಇಟ್ಟಿದ್ದಳು.

"ಮುತ್ತುರಾಜ, ಹೇಳು."

ಅವನು ನೋಡಿದ. ಪಕ್ಕದವರನ್ನು ನೋಡಿದ. ಅವರು ನೆಲ ನೋಡುತ್ತಿದ್ದರು. "ಟೆನ್ಶನ್ ಮಾಡ್ಕೋಬೇಡಪ್ಪ, ಆರಾಮಾಗಿ ಹೇಳು" ಎಂದರು ಚನ್ನವೀರಪ್ಪನವರು ನಗುತ್ತಲೇ.

"ನಾರ್ಮಲ್ ಮೇಡಂ" ಎಂದ ಮುತ್ತುರಾಜ. ಸ್ವಲ್ಪ ತಡೆದು, "ನಾರ್ಮಲ್ ಟಿಶ್ಯೂ" ಎಂದ.

ಹೊರಗಿನ ಪ್ರೊಫೆಸರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾರಾಯಣಪ್ಪ ಸರ್ ಕಣ್ಣು ಮುಚ್ಚಿದರು.

"ಇದು ಮೊದಲನೇ ಚಿತ್ರಾನೇ. ಆಗ್ಲೇ ಚಪ್ಪಾಳೆ ತಗೊಂಡ್ಯಲ್ಲ, ಅದೇ ಕ್ಯಾನ್ಸರ್" ಎಂದಳು ನೀಲಾಂಬಿಕಾ. "ನೀನು ನಾರ್ಮಲ್ ಅಂತ ಬರೆದುಕೊಟ್ಟೆ. ಆಯಮ್ಮ ದೇವರು ದೊಡ್ಡವನು ಅಂತ ಕೈ ಮುಗಿದು ಮನೆಗೆ ಹೋದ್ಲು."

ಆ ಹುಡುಗನ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ. ಇವಳಿಗೆ ಕರುಳಿಲ್ಲವೇ ಎನ್ನಿಸಿತು.

ಅವಳು ಅವನ ಹತ್ತಿರ ಹೋಗಿ, ಅವನ ಪಕ್ಕದಲ್ಲೇ, ಪರದೆಗೆ ಬೆನ್ನು ಹಾಕಿ ನಿಂತಳು. "ಸರ್, ಈ ಹುಡುಗ ಜಾಣ. ಒಂದು ಸಾರಿ ಹೇಳಿಕೊಟ್ಟಿದ್ದನ್ನ ಮರೆಯಲ್ಲ. ಮಕ್ಕಳೆಲ್ಲ ಸ್ಲೈಡಿನ ಆಕಾರ ಬಾಯಿಪಾಠ ಮಾಡಿದ್ದಾರೆ, ರೋಗ ನೋಡಿಲ್ಲ. ಹಾಗೆ ಮಾಡೋಕೆ ಅನುಕೂಲ ಮಾಡಿಕೊಟ್ಟೋಳು ನಾನು. ಮಾರ್ಕ್ಸ್ ಬಂತು ಅಂತ ಕುಣಿದೋಳೂ ನಾನೇ. ಕಂಪ್ಯೂಟರ್ ಕೆಟ್ಟದ್ದಲ್ಲ ಸರ್, ಆದ್ರೆ ಪಕ್ಕದಲ್ಲಿ ಒಬ್ಬರು ಕೂತು, ಇಲ್ಲೇನ್ ಕಾಣ್ತದೆ ಹೇಳು ಅಂತ ಕೇಳಬೇಕು. ಆ ರೂಮು ಖಾಲಿ ಮಾಡಿಸ್ಬೇಡಿ. ಆ ಅವಧಿ ತೆಗೀಬೇಡಿ. ನನ್ನ ಪೋಸ್ಟ್ ನಿಮ್ಮಿಷ್ಟ."

ಚನ್ನವೀರಪ್ಪನವರ ಮುಖ ಕಪ್ಪಿಟ್ಟಿತ್ತು. ಅತಿಥಿಗಳ ಮುಂದೆ ಮರ್ಯಾದೆ ಹೋದ ಮನುಷ್ಯ. "ಸಂಜೆ ಆಫೀಸಿಗೆ ಬನ್ನಿ ಮೇಡಂ" ಎಂದಷ್ಟೇ ಹೇಳಿ ಏಳಲು ಹೊರಟರು.

"ಮೇಡಂ, ಸ್ವಲ್ಪ ಜೂಮ್ ಮಾಡ್ತೀರಾ?"

ಮುತ್ತುರಾಜನ ದನಿ. ಅವನು ಪರದೆಯ ಹತ್ತಿರ ಹೋಗಿ ನಿಂತಿದ್ದ, ಕಣ್ಣು ಒರೆಸಿಕೊಳ್ಳುತ್ತ. ನೀಲಾಂಬಿಕಾ ಓಡಿಹೋಗಿ ಹಿಗ್ಗಿಸಿದಳು. "ಎಡಕ್ಕೆ ಮೇಡಂ... ಇನ್ನೂ ಸ್ವಲ್ಪ." ಎದ್ದು ನಿಂತಿದ್ದವರು ನಿಂತಲ್ಲೇ ನಿಂತರು. ಅವನು ನೋಡಿದ, ನೋಡಿದ. ಎಷ್ಟು ಹೊತ್ತು ನೋಡಿದನೋ. ಅವನು ಒಂದು ಸ್ಲೈಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ನೋಡಿದ್ದು ಅದೇ ಮೊದಲಿರಬೇಕು.

"ನೀವು ಹೇಳದೇ ಇದ್ದಿದ್ರೆ ಇದು ಏನು ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ ಮೇಡಂ. ಹೆಸರು ಈಗ್ಲೂ ಗೊತ್ತಾಗ್ತಿಲ್ಲ. ಆದ್ರೆ ಈ ಸೆಲ್ಸ್ ಒಂದೊಂದೂ ಒಂದೊಂದು ಸೈಜು. ಇಲ್ಲಿ ಸಾಲಾಗಿರ್ಬೇಕಿತ್ತು, ಇಲ್ಲ. ನುಗ್ಗಿಬಿಟ್ಟಿದಾವೆ." ಅವನು ಈ ಕಡೆ ತಿರುಗಿದ. "ಇವರನ್ನ ಮನೆಗೆ ಕಳಿಸ್ಬಾರ್ದು ಮೇಡಂ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲು ಮಾತಾಡಿದ್ದ ಆ ಹೊರಗಿನ ಪ್ರೊಫೆಸರು ಮಾತ್ರ ಮತ್ತೆ ಕುರ್ಚಿಯಲ್ಲಿ ಕೂತುಕೊಂಡು, "ಇನ್ನೊಂದು ಹಾಕಿ ಮೇಡಂ, ಹೀಗೇನೇ" ಎಂದರು.

ಸಂಜೆ ಅವಳು ಆಫೀಸಿನೊಳಗೆ ಹೋದಾಗ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಮಾತು ಬಿಟ್ಟಿದ್ದೆವಲ್ಲ, ಕೂರುವ ಅಗತ್ಯವೇನೂ ಇರಲಿಲ್ಲ. ಆದರೂ ಕೂತೆ. ಅವಳು ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ಏನೂ ಇರಲಿಲ್ಲ.

"ಏನಂದ್ರೇ?"

"ಮಾರ್ಚ್ ತನಕ ಅಂದ್ರು. ಮುಂದ ಬ್ಯಾಡ ಅಂದ್ರು."

ನನ್ನ ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೂ ಬೈದೆ, ಇವಳಿಗೂ ಬೈದೆ. "ಹನ್ನೊಂದು ವರ್ಷ ಕಣೇ! ಕೈಗೆ ಬಂದ ತುತ್ತು! ಒಂದು ಬಟನ್ ಒತ್ತದೇ ಇದ್ದಿದ್ರೆ ಏನ್ ಗಂಟು ಹೋಗ್ತಿತ್ತು ನಿಂದು?" ಎಂದು ಅತ್ತೆ. ಅಳುತ್ತಿದ್ದವಳು ನಾನು. ಅವಳು ನನ್ನ ಬೆನ್ನು ಸವರುತ್ತಿದ್ದಳು, ಹಾಳಾದವಳು.

"ರೂಮು?" ಎಂದು ಕೊನೆಗೆ ಕೇಳಿದೆ.

"ಇಟ್ಕೋರಿ ಅಂದ್ರು. ಹೊರಗಿನ ಪ್ರೊಫೆಸರೂ ಹಂಗೇ ಹೇಳಿ ಹೋದ್ರಂತ. ಅವಧಿನೂ ಇರ್ತೈತಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಆಗ ಗೊತ್ತಾಯಿತು, ಅವಳೂ ಅಳುತ್ತಿದ್ದಳು. "ನಾಳೆ ಮುಂಜಾನೆ ಲಗೂನ ಬರಬೇಕ ಗಂಗಾ. ಮುತ್ತುರಾಜ ಬರ್ತಾನಂತ. ಮೊದಲಿಂದ ಹೇಳಿಕೊಡ್ರಿ ಮೇಡಂ ಅಂದ. ಕ್ಲಾಸಿಗೆ ಕ್ಲಾಸೇ ಕರ್ಕೊಂಡು ಬರ್ತಾನಂತ."